ದೈತ್ಯ ಬಿದ್ದ ದಿನ: ರೆಸಲ್‌ಮೇನಿಯಾ 3

1987ರ ಮಾರ್ಚ್ 29. ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿದ್ದ ಸಿಲ್ವರ್‌ಡೋಮ್ ಕ್ರೀಡಾಂಗಣ. ಫುಟ್‌ಬಾಲಿನ ಬಯಲ ನಡುವೆ ಕುಸ್ತಿಯ ರಿಂಗು. ಬಾಗಿಲಿನಿಂದ ರಿಂಗಿಗೆ ಎಷ್ಟು ದೂರವೆಂದರೆ, ಪೈಲ್ವಾನರನ್ನು ಪುಟ್ಟ ರಿಂಗಿನಾಕಾರದ ಮೋಟಾರು ಬಂಡಿಗಳಲ್ಲಿ ಮೆರವಣಿಗೆ ಮಾಡಿ ಕರೆತಂದರು. ಸೇರಿದವರು 93,173 ಮಂದಿ ಎಂದು ಸಂಘಟಕರು ಸಾರಿದರು. ಇಲ್ಲ, ಸುಮಾರು 78,000 ಎಂಬುದು ಕುಸ್ತಿ ಪತ್ರಕರ್ತ ಡೇವ್ ಮೆಲ್ಟ್ಜರ್ ಅವರ ವಾದ. ಚಿಕ್ಕ ಲೆಕ್ಕವನ್ನೇ ಹಿಡಿದರೂ ಅದು ಭಾರೀ ಜಾತ್ರೆಯೇ. ಈ ವ್ಯಾಪಾರದಲ್ಲಿ ಅಂಕಿಗಳೂ ವೇಷ ಕಟ್ಟುತ್ತವೆ.

ಕ್ರೀಡಾಂಗಣಕ್ಕೆ ಬಾರದವರಿಗೆ ಎರಡು ದಾರಿಗಳಿದ್ದವು. ದೊಡ್ಡ ಪರದೆಯ ನೇರ ಪ್ರಸಾರವಿದ್ದ ಸಭಾಂಗಣಕ್ಕೆ ಟಿಕೆಟ್ ಕೊಂಡು ಹೋಗುವುದು ಒಂದು. ಕೇಬಲ್ ಕಂಪನಿಗೆ ಹೇಳಿ, ಆ ಒಂದು ಕಾರ್ಯಕ್ರಮಕ್ಕಷ್ಟೇ ದುಡ್ಡು ಕೊಟ್ಟು ಮನೆಯ ಟಿವಿಯಲ್ಲೇ ನೋಡುವುದು ಇನ್ನೊಂದು. ಅದೇ ಪೇ-ಪರ್-ವ್ಯೂ. ಈ ಕುಸ್ತಿ ನಡೆಸುತ್ತಿದ್ದ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯ ಒಡೆಯ ವಿನ್ಸ್ ಮೆಕ್‌ಮೆಹನ್ ಇದರ ಗುಟ್ಟು ಚೆನ್ನಾಗಿ ಅರಿತಿದ್ದರು. ವಾರವಾರದ ಟಿವಿಯಲ್ಲಿ ಜಗಳವನ್ನು ಪುಕ್ಕಟೆ ತೋರಿಸು. ಜಗಳದ ಮುಕ್ತಾಯವನ್ನು ಮಾರು.

ಆ ಸಲ ಮಾರಿದ ಜಗಳ ಹಲ್ಕ್ ಹೋಗನ್ ಮತ್ತು ಆಂಡ್ರೆ ದ ಜೈಂಟ್ ನಡುವಿನದು. ಹಳೆಯ ಗೆಳೆಯರು. ಮೂರು ವರ್ಷದಿಂದ ಚಾಂಪಿಯನ್ ಆಗಿದ್ದಕ್ಕೆ ಹೋಗನ್‌ಗೆ ದೊಡ್ಡ ಟ್ರೋಫಿ, ಹದಿನೈದು ವರ್ಷ ಸೋಲೇ ಕಾಣದ್ದಕ್ಕೆ ಆಂಡ್ರೆಗೆ ಚಿಕ್ಕದು. ಅಲ್ಲಿಂದ ಹೊಗೆಯಾಡಿತು. ಆಂಡ್ರೆ ಖಳ ಮ್ಯಾನೇಜರ್ ಬಾಬಿ ಹೀನನ್ ಪಾಳೆಯ ಸೇರಿ, ಟಿವಿ ಕ್ಯಾಮೆರಾದ ಮುಂದೆಯೇ ಹೋಗನ್‌ನ ಅಂಗಿಯನ್ನೂ ಕೊರಳ ಶಿಲುಬೆಯ ಸರವನ್ನೂ ಕಿತ್ತು ಹರಿದ. ಆಂಡ್ರೆಯನ್ನು ಇದುವರೆಗೆ ಯಾರೂ ಎತ್ತಿ ಕೆಡವಿಲ್ಲ ಎಂದೂ ಡಂಗುರ ಸಾರಲಾಯಿತು. ಎರಡೂ ಸುಳ್ಳು. ಆಂಡ್ರೆ ಸೋತದ್ದೂ ಉಂಟು, ಬಿದ್ದದ್ದೂ ಉಂಟು. 1980ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಅವನನ್ನು ಎತ್ತಿ ಹಾಕಿದವನು ಇದೇ ಹೋಗನ್!

ನಮ್ಮ ದಸರಾ ಕುಸ್ತಿಯಲ್ಲಿ ಯಾರು ಚಿತ್ ಆಗುತ್ತಾರೆಂಬುದು ಮಟ್ಟಿಯಲ್ಲಿ ತೀರ್ಮಾನವಾಗುತ್ತದೆ. ಇಲ್ಲಿ ಅದು ಮೊದಲೇ ಗೊತ್ತು. ಕಂಪನಿಯೂ ಇದನ್ನು ಕೊನೆಗೆ ಒಪ್ಪಿತು: 1989ರಲ್ಲಿ, ನ್ಯೂಜೆರ್ಸಿ ರಾಜ್ಯದ ಕ್ರೀಡಾ ನಿಯಂತ್ರಣದಿಂದ ತಪ್ಪಿಸಿಕೊಳ್ಳಲು, ಇದು ಸ್ಪರ್ಧೆಯಲ್ಲ ಮನರಂಜನೆ ಎಂದು ತಾನೇ ಹೇಳಿಕೊಂಡಿತು. ಹಾಗಿದ್ದ ಮೇಲೆ ಇದರಲ್ಲಿ ನಿಜವೇನು? ನನ್ನ ಮಟ್ಟಿಗೆ, ಸೋಲುವವನ ಕೆಲಸವೇ ನಿಜ.

ಫ್ರಾನ್ಸಿನಲ್ಲಿ 1946ರಲ್ಲಿ ಹುಟ್ಟಿದ ಆಂಡ್ರೆಗೆ ಅಕ್ರೋಮೆಗಾಲಿ ಇತ್ತು. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಮೂಳೆ, ಅಂಗಾಂಗಗಳು ಹಿಗ್ಗುತ್ತಲೇ ಹೋಗುವ ಕಾಯಿಲೆ. ಅವನನ್ನು ದೈತ್ಯನಾಗಿಸಿ ಅನ್ನ ಕೊಟ್ಟದ್ದೂ ಅದೇ, ಕೀಲು ಬೆನ್ನುಗಳನ್ನು ತಿಂದದ್ದೂ ಅದೇ. ಅವನು ನಟಿಸಿದ ‘ದ ಪ್ರಿನ್ಸೆಸ್ ಬ್ರೈಡ್’ ಸಿನಿಮಾದ ಚಿತ್ರೀಕರಣದಲ್ಲಿ ನಾಯಕಿಯನ್ನು ತೋಳಲ್ಲಿ ಹಿಡಿಯುವಷ್ಟೂ ತ್ರಾಣವಿಲ್ಲದೆ, ಆಕೆಯನ್ನು ತಂತಿಯಲ್ಲಿ ತೂಗಿಬಿಡಬೇಕಾಗಿತ್ತು. ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಪಾಂಟಿಯಾಕ್‌ನಲ್ಲಿ ಕಪ್ಪು ಉಡುಪಿನ ಒಳಗೆ ಬೆನ್ನುಪಟ್ಟಿ ಬಿಗಿದುಕೊಂಡೇ ಅವನು ರಿಂಗು ಹತ್ತಿದ್ದು.

ಪಂದ್ಯ ಸುಮಾರು ಹನ್ನೆರಡು ನಿಮಿಷದ್ದು. ಕುಸ್ತಿಯೆಂದು ನೋಡಿದರೆ ನೀರಸ. ಬಹುಪಾಲು ತಬ್ಬಿ ನಿಂತದ್ದೇ. ಆದರೆ ಕೊನೆಯಲ್ಲಿ ಹೋಗನ್ ಆ ಮೈಯನ್ನು ಎತ್ತಿ ಅಡ್ಡಲಾಗಿ ಕೆಡವುತ್ತಾನೆ, ಕಾಲು ಬೀಸಿ ಮೇಲೆ ಬೀಳುತ್ತಾನೆ, ರೆಫರಿ ಮೂರು ಎಣಿಸುತ್ತಾನೆ. ಪ್ರಚಾರದ ಪ್ರಕಾರ ತೂಕ 520 ಪೌಂಡು, ಅಂದರೆ ಸುಮಾರು 236 ಕಿಲೋ. ಹೀಗೆ ಎತ್ತಿ ಕೆಡವುವ ಬಾಡಿ ಸ್ಲ್ಯಾಮ್‌ನಲ್ಲಿ ಸಾಮಾನ್ಯವಾಗಿ ಎತ್ತಿಸಿಕೊಳ್ಳುವವನೇ ಸಣ್ಣಗೆ ನೆಗೆದು ಭಾರ ಇಳಿಸಿಕೊಡುತ್ತಾನೆ. ನೋಯುವ ಬೆನ್ನಿಗೆ ಆ ನೆಗೆತವೂ ಕಷ್ಟ, ಬೀಳುವುದಂತೂ ಇನ್ನೂ ಕಷ್ಟ. ಆಂಡ್ರೆ ಒಲ್ಲೆನೆಂದಿದ್ದರೆ ಹೋಗನ್‌ನ ತೋಳು ಎಷ್ಟು ದಪ್ಪವಿದ್ದರೇನು? ಗೆಲುವನ್ನು ಅವನು ಕೊಟ್ಟ, ಇವನು ಪಡೆದ.

ಕುಸ್ತಿ ಬಲ್ಲವರು ಮೆಚ್ಚುವುದು ಅದೇ ದಿನದ ಇನ್ನೊಂದು ಪಂದ್ಯವನ್ನು. ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್, ಹದಿನೈದು ನಿಮಿಷದೊಳಗಿನ ಆಟ. ಆಗೆಲ್ಲ ಮಲ್ಲರು ರಿಂಗಿನಲ್ಲೇ ಪಿಸುಗುಟ್ಟಿಕೊಂಡು ಮುಂದಿನ ಪಟ್ಟು ಹೊಂದಿಸುತ್ತಿದ್ದರು. ಸ್ಯಾವೇಜ್ ಜಾಯಮಾನ ಬೇರೆ. ಪ್ರತಿ ಪಟ್ಟನ್ನೂ ಕಾಗದದಲ್ಲಿ ಬರೆದು, ಸ್ಟೀಮ್‌ಬೋಟ್‌ನಿಂದ ಬಾಯಿಪಾಠ ಮಾಡಿಸಿದ. ಹಿಂದೆ ಇದೇ ಸ್ಯಾವೇಜ್ ರಿಂಗಿನ ಗಂಟೆಯಿಂದ ಸ್ಟೀಮ್‌ಬೋಟ್‌ನ ಗಂಟಲು ಜಜ್ಜಿದ್ದ (ಕಥೆಯಲ್ಲಿ). ಈಗ ಮತ್ತೆ ಅದೇ ಗಂಟೆ ಹಿಡಿದು ಹಗ್ಗದ ಮೇಲೇರಿದಾಗ ಸ್ಟೀಮ್‌ಬೋಟ್ ಪಕ್ಷದ ಪೈಲ್ವಾನ ಜಾರ್ಜ್ ಸ್ಟೀಲ್ ಅವನನ್ನು ಕೆಳಗೆ ತಳ್ಳುತ್ತಾನೆ, ಆ ಪಂದ್ಯದಲ್ಲಿ ಪಣಕ್ಕಿದ್ದ ಬೆಲ್ಟು ಸ್ಟೀಮ್‌ಬೋಟ್ ಪಾಲಾಗುತ್ತದೆ. ಇಲ್ಲೂ ಆಟ ಹೆಣೆದವನೇ ಸೋತವನು.

1990ರ ದಶಕದಲ್ಲಿ ನಮ್ಮ ಹುಡುಗರು ಡಬ್ಲ್ಯೂಡಬ್ಲ್ಯೂಎಫ್ ಕಾರ್ಡು ಆಡುವಾಗ ಎತ್ತರ, ತೂಕ, ಎದೆಯಳತೆಗಳಿಗೆ ಬೆಲೆಯಿತ್ತು. ಚೆನ್ನಾಗಿ ಸೋಲುವುದಕ್ಕೆ ಅಂಕವಿರಲಿಲ್ಲ.

ಆದರೆ ಆಂಡ್ರೆಯ ಸೋಲು ಪೂರ್ತಿ ಖರ್ಚಾಗಿರಲಿಲ್ಲ. ಪಂದ್ಯದ ಆರಂಭದಲ್ಲೇ ಹೋಗನ್ ಅವನನ್ನು ಎತ್ತಲು ಹೋಗಿ ಭಾರಕ್ಕೆ ಕುಸಿದಿದ್ದ. ದೈತ್ಯ ಮೇಲೆ ಬಿದ್ದಾಗ ರೆಫರಿಯ ಎಣಿಕೆ ಎರಡಕ್ಕೆ ನಿಂತಿತ್ತು. ಅದು ಮೂರೇ ಆಗಿತ್ತು ಎಂಬ ತಕರಾರನ್ನು ಕಂಪನಿ ಬಹುಕಾಲ ಬೆಳೆಸಿತು. 1988ರ ಫೆಬ್ರವರಿ 5ರಂದು ಎನ್‌ಬಿಸಿ ವಾಹಿನಿಯಲ್ಲಿ ಇಬ್ಬರೂ ಮತ್ತೆ ಸೆಣಸಿದರು, ಈ ಬಾರಿ ಪುಕ್ಕಟೆಯಾಗಿ. ನೋಡಿದವರು ಸುಮಾರು 3.3 ಕೋಟಿ. ಅಲ್ಲಿ ರೆಫರಿಯ ಜಾಗದಲ್ಲಿ ನಿಂತಿದ್ದ ಅವನ ಅವಳಿ ಸೋದರ, ಹೋಗನ್‌ನ ಒಂದು ಭುಜ ಮೇಲೆದ್ದಿದ್ದರೂ ಮೂರು ಎಣಿಸಿಬಿಟ್ಟ; ಹೋಗನ್‌ನ ಚಾಂಪಿಯನ್ ಬೆಲ್ಟು ಆಂಡ್ರೆಗೆ ಸಿಕ್ಕಿತು. ಸಿಕ್ಕ ಕೂಡಲೇ ಅವನು ಅದನ್ನು ಇನ್ನೊಬ್ಬ ಪೈಲ್ವಾನ ಟೆಡ್ ಡಿಬಿಯಾಸಿಗೆ ಮಾರಿದ.