ಬಿಳಿ ಮೊಟ್ಟೆಗೆ ಯಾರು ಹೊಣೆ?

ತೊಟ್ಟಿಯಲ್ಲಿ ಸಾಕುವ ಡಿಸ್ಕಸ್ ಮೀನಿನ ಜೋಡಿ ಇಟ್ಟ ಮೊಟ್ಟೆಗಳು ಒಂದೆರಡು ದಿನದಲ್ಲೇ ಬೆಳ್ಳಗೆ ತಿರುಗಿ ಬೂಸು ಹಿಡಿದರೆ ಸಾಕಿದವರ ಬಾಯಲ್ಲಿ ಬರುವುದು ಒಂದೇ ಮಾತು: ‘ಎರಡೂ ಹೆಣ್ಣೇ ಇರಬೇಕು.’ ಇರಬಹುದು. ಆದರೆ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹಲಬರ್ಗಾದಂಥ ಊರಲ್ಲಿ ಮೊದಲು ಬೋರ್ ನೀರಿನ ಮೇಲೆ ಅನುಮಾನಪಡುವುದು ಒಳ್ಳೆಯದು.

ದಪ್ಪ ತುಟಿಯದು ಗಂಡು, ಬೆನ್ನಿನ ರೆಕ್ಕೆ ಚೂಪಾಗಿದ್ದರೆ ಗಂಡು ಎಂದು ಅಂಗಡಿಯವರು ಹೇಳುವುದುಂಟು. ನಂಬಿ ದುಡ್ಡು ಕೊಡುವಂಥ ಗುರುತುಗಳಲ್ಲ ಅವು. ಆರೆಂಟು ಮರಿ ತಂದು ಒಟ್ಟಿಗೆ ಬೆಳೆಸಿದರೆ, ವರ್ಷ ದಾಟಿದ ಮೇಲೆ ಅವೇ ಜೋಡಿ ಕಟ್ಟಿಕೊಳ್ಳುತ್ತವೆ. ಬೋರಲು ಹಾಕಿದ ಮಡಕೆಯನ್ನು ಬಾಯಿಂದ ಉಜ್ಜಿ ಚೊಕ್ಕ ಮಾಡುತ್ತವೆ, ಎದುರುಬದುರು ನಿಂತು ಮೈ ನಡುಗಿಸುತ್ತವೆ. ತಮಾಷೆಯೆಂದರೆ ಎರಡು ಹೆಣ್ಣುಗಳೂ ಇದನ್ನೆಲ್ಲ ಚಾಚೂ ತಪ್ಪದೆ ಮಾಡಬಲ್ಲವು! ನಿಜ ತಿಳಿಯುವುದು ಮೊಟ್ಟೆಯಿಡುವ ಹೊತ್ತಿಗೆ ಹೊಟ್ಟೆಯಡಿ ಇಳಿಯುವ ಪುಟ್ಟ ನಳಿಕೆಯಿಂದ. ಹೆಣ್ಣಿನದು ಅಗಲ, ಮೊಂಡು. ಗಂಡಿನದು ಸಣ್ಣ, ಚೂಪು.

ಒಂದರ ನಳಿಕೆ ಚೂಪಾಗಿದ್ದೂ ಮೊಟ್ಟೆ ಬೆಳ್ಳಗಾದರೆ? ಎಳೆಯ ಜೋಡಿಯ ಮೊದಲ ಕೆಲವು ಸಲ ಹಾಗಾಗುವುದು ಮಾಮೂಲು. ಆಮೇಲೂ ಆದರೆ ನೀರು ನೋಡಿ. ಅಮೆಜಾನ್ ಕಣಿವೆಯ ಈ ಮೀನಿನ ತವರಿನ ನೀರು ಖನಿಜಾಂಶ ತೀರಾ ಕಡಿಮೆಯಿರುವ, ತುಸು ಆಮ್ಲೀಯವಾದ ಬೆಚ್ಚನೆಯ ಮೆದು ನೀರು. ಬೀದರಿನ ಜಂಬಿಟ್ಟಿಗೆ ದಿಬ್ಬ ಇಳಿದು ಎರೆ ಹೊಲಗಳತ್ತ ಬಂದರೆ ನೆಲದಡಿ ಇರುವುದು ಬಸಾಲ್ಟ್ ಕಪ್ಪುಗಲ್ಲು. ಅದರ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗುತ್ತದೆ; ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಇದರಿಂದಲೇ. ದೊಡ್ಡ ಮೀನು ಇಂಥ ನೀರಿಗೂ ಒಗ್ಗಿಕೊಳ್ಳುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಫಲಿತವಾಗುವ, ಒಡೆದು ಮರಿಯಾಗುವ ಮೊಟ್ಟೆಗಳು ಮಾತ್ರ ಕಡಿಮೆ. ಆರ್‌ಒ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಿ, ಪಿಎಚ್ 6ರ ಆಸುಪಾಸಿಗೆ ನಿಧಾನವಾಗಿ ಇಳಿಸಿ, 28ರಿಂದ 30 ಡಿಗ್ರಿ ಬಿಸಿಯಲ್ಲಿಟ್ಟು ನೋಡಬೇಕು. ಡಿಸೆಂಬರ್ ರಾತ್ರಿ ಕರೆಂಟ್ ಹೋದರೆ ಹೀಟರೂ ತಣ್ಣಗೆ, ಆ ಮಾತು ಬೇರೆ.

ಎಲ್ಲ ಕೂಡಿಬಂದರೆ ಎರಡೂವರೆ ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮತ್ತೆರಡು ಮೂರು ದಿನಕ್ಕೆ ಈಜು ಕಲಿತ ಮರಿಗಳು ಅಪ್ಪ, ಅಮ್ಮ ಇಬ್ಬರ ಮೈಗೂ ಮುತ್ತಿಕೊಂಡು ಚರ್ಮದ ಲೋಳೆಯನ್ನು ಕಚ್ಚಿ ತಿನ್ನುತ್ತವೆ. ಈ ಕಾಲದಲ್ಲಿ ಲೋಳೆಯಲ್ಲಿ ಪ್ರೋಟೀನ್ ಮತ್ತು ರೋಗನಿರೋಧಕ ಪ್ರತಿಕಾಯಗಳು ಹೆಚ್ಚುತ್ತವೆ ಎಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ವರದಿ ಮಾಡಿತು. ಮೂರನೆಯ ವಾರದ ಹೊತ್ತಿಗೆ ದೊಡ್ಡವು ತಾವಾಗಿಯೇ ಮರಿಗಳಿಂದ ದೂರ ಸರಿಯತೊಡಗುತ್ತವೆ. ಅಲ್ಲಿಯವರೆಗೆ ಮರಿಗಳನ್ನು ಬೇರೆ ತೊಟ್ಟಿಗೆ ಹಾಕುವ ಆತುರ ಬೇಡ. ಈಜತೊಡಗಿ ನಾಲ್ಕೈದು ದಿನವಾದ ಮೇಲೆ ಆಗಷ್ಟೇ ಮರಿಯಾದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯನ್ನು ಅದೇ ತೊಟ್ಟಿಗೆ ಬಿಡುತ್ತ ಬಂದರಾಯಿತು.