ಹೆರಿಗೆಯ ಗಾಯಕ್ಕೆ ಮದ್ದಾದ ಅಡಿಸ್ ಅಬಾಬಾದ ಆಸ್ಪತ್ರೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತನ್ನು ನಾವೆಲ್ಲರೂ ಹಿರಿಯರ ಬಾಯಿಂದ ಕೇಳಿದ್ದೇವೆ. ಆದರೆ ಹೆರಿಗೆಯಲ್ಲಿ ಜೀವ ಉಳಿದೂ ಬದುಕನ್ನು ಕಳೆದುಕೊಂಡ ತಾಯಂದಿರ ವಿಷಯವನ್ನು ನಾವು ಮಾತನಾಡುವುದು ಕಡಿಮೆ. ನಾಚಿಕೆಯೇ ಅದಕ್ಕೆ ಕಾರಣ. ಇಥಿಯೋಪಿಯಾದ ಹಳ್ಳಿಗಳಲ್ಲಿ ಈ ನಾಚಿಕೆ ಎಷ್ಟೋ ಹೆಣ್ಣುಮಕ್ಕಳನ್ನು ಊರಿನಿಂದ ದೂರದ ಗುಡಿಸಲುಗಳಿಗೆ ದೂಡಿತ್ತು.

ಈ ವ್ಯಾಧಿಗೆ ವೈದ್ಯರು ಫಿಸ್ಟುಲಾ ಎನ್ನುತ್ತಾರೆ. ಮಗು ಹೊರಬರಲಾಗದೆ ಹೆರಿಗೆ ನೋವು ಎರಡು ಮೂರು ದಿನ ಮುಂದುವರಿದಾಗ, ಮಗುವಿನ ತಲೆಯು ತಾಯಿಯ ಮೂತ್ರಕೋಶವನ್ನು ಮೂಳೆಗೆ ಒತ್ತಿ ಹಿಡಿಯುತ್ತದೆ. ರಕ್ತಸಂಚಾರ ನಿಂತ ಆ ಭಾಗವು ಸತ್ತು, ಕೆಲವೇ ದಿನಗಳಲ್ಲಿ ಕಳಚಿ, ರಂಧ್ರವಾಗುತ್ತದೆ. ಮಗು ಬಹುತೇಕ ಉಳಿಯುವುದಿಲ್ಲ. ಅಂದಿನಿಂದ ಹಗಲಿರುಳೂ ಮೂತ್ರ ಸೋರುತ್ತಲೇ ಇರುತ್ತದೆ, ಕೆಲವರಿಗೆ ಮಲವೂ. ನರಗಳಿಗೆ ಪೆಟ್ಟಾಗಿ ಕಾಲೆಳೆದು ನಡೆಯುವವರೂ ಉಂಟು. ವಾಸನೆಯ ಕಾರಣಕ್ಕೆ ಎಷ್ಟೋ ಗಂಡಂದಿರು ಕೈಬಿಡುತ್ತಾರೆ, ನೆರೆಹೊರೆ ದೂರವಾಗುತ್ತದೆ. ಇದು ಶಾಪವಲ್ಲ, ಯಾರ ಪಾಪದ ಫಲವೂ ಅಲ್ಲ. ಸಕಾಲದಲ್ಲಿ ಸಿಸೇರಿಯನ್ ದೊರೆತಿದ್ದರೆ ಈ ಗಾಯ ಆಗುತ್ತಲೇ ಇರಲಿಲ್ಲ ಎಂಬುದನ್ನು ಒತ್ತಿ ಹೇಳಬಯಸುತ್ತೇವೆ.

ನ್ಯೂಜಿಲೆಂಡಿನ ರೆಜಿನಾಲ್ಡ್ ಹ್ಯಾಮ್ಲಿನ್ ಮತ್ತು ಅವರ ಪತ್ನಿ, ಆಸ್ಟ್ರೇಲಿಯಾದ ಕ್ಯಾಥರೀನ್, ಇಬ್ಬರೂ ಪ್ರಸೂತಿ ವೈದ್ಯರು. 1959ರಲ್ಲಿ ಸೂಲಗಿತ್ತಿಯರ ಶಾಲೆಯೊಂದನ್ನು ತೆರೆಯಲೆಂದು ಮೂರು ವರ್ಷಗಳ ಒಪ್ಪಂದದ ಮೇಲೆ ಅಡಿಸ್ ಅಬಾಬಾಕ್ಕೆ ಬಂದರು. ಅಲ್ಲಿಯವರೆಗೆ ಅವರು ಫಿಸ್ಟುಲಾ ರೋಗಿಯನ್ನು ಕಂಡಿರಲಿಲ್ಲ. ಹಳೆಯ ಗ್ರಂಥಗಳನ್ನು ಓದಿ ಶಸ್ತ್ರಕ್ರಿಯೆಯನ್ನು ಕಲಿತರು. 1974ರಲ್ಲಿ ಇದಕ್ಕೆಂದೇ ಪ್ರತ್ಯೇಕ ಆಸ್ಪತ್ರೆ ಕಟ್ಟಿದರು. ಪತಿ 1993ರಲ್ಲಿ ತೀರಿಕೊಂಡರು. ಕ್ಯಾಥರೀನ್ 2020ರಲ್ಲಿ, 96ನೆಯ ವಯಸ್ಸಿನಲ್ಲಿ, ಆ ನೆಲದಲ್ಲಿಯೇ ಕಣ್ಣುಮುಚ್ಚಿದರು. ಮೂರು ವರ್ಷಕ್ಕೆಂದು ಹೋದವರು!

ಚಿಕಿತ್ಸೆ ಸಂಪೂರ್ಣ ಉಚಿತ. ಬೆನ್ನಿಗೆ ಅರಿವಳಿಕೆ ನೀಡಿ, ಗಾಯದ ಕಲೆಯಿಂದ ಬಿಗಿದ ಅಂಗಾಂಶವನ್ನು ಬಿಡಿಸಿ, ಮೂತ್ರಕೋಶದ ರಂಧ್ರವನ್ನು ಹೊಲಿಯುತ್ತಾರೆ. ಅನಂತರ ಸುಮಾರು ಎರಡು ವಾರ ಕೊಳವೆಯ ಮೂಲಕ ಮೂತ್ರ ಹೊರಹೋಗಬೇಕು. ಹೊಲಿಗೆಯ ಮೇಲೆ ಒತ್ತಡ ಬೀಳಬಾರದು. ಬಹುಪಾಲು ತಾಯಂದಿರಲ್ಲಿ ರಂಧ್ರ ಮುಚ್ಚುತ್ತದೆ. ಮನೆಗೆ ಹೊರಡುವಾಗ ಅವರಿಗೆ ಹೊಸ ಉಡುಪು ಮತ್ತು ಬಸ್ಸಿನ ಖರ್ಚು. ನಮ್ಮಲ್ಲಿ ಬಾಣಂತಿಗೆ ಹೊಸ ಸೀರೆ ಉಡಿಸಿ ಕಳುಹಿಸುವ ವಾಡಿಕೆ ಇಲ್ಲಿ ನೆನಪಾಗುತ್ತದೆ. ಈವರೆಗೆ 60,000ಕ್ಕೂ ಹೆಚ್ಚು ಮಹಿಳೆಯರಿಗೆ ಚಿಕಿತ್ಸೆ ದೊರೆತಿದೆ.

ಹೊಲಿಗೆಯಿಂದ ಎಲ್ಲರೂ ಗುಣವಾಗುವುದಿಲ್ಲ ಎಂಬುದೂ ಸತ್ಯ. ಅಂಥವರಿಗಾಗಿ ‘ದೆಸ್ತಾ ಮೆಂದೆರ್’, ಅಂದರೆ ಸಂತೋಷದ ಊರು, ಎಂಬ ನೆಲೆಯನ್ನು ಕಟ್ಟಲಾಗಿದೆ. ಗಾಯವಾಗುವ ಮೊದಲೇ ತಡೆಯಬೇಕೆಂದು 2007ರಲ್ಲಿ ಸೂಲಗಿತ್ತಿಯರ ಕಾಲೇಜೂ ಆರಂಭವಾಯಿತು.

ಮಾಮಿತು ಗಾಶೆ ಎಂಬ ತಾಯಿಯನ್ನು ನಾವಿಲ್ಲಿ ಹೆಸರಿಸಲೇಬೇಕು. ಅಕ್ಷರ ಬಾರದ ಈ ಹಳ್ಳಿಯ ಹೆಣ್ಣುಮಗಳು 1962ರಲ್ಲಿ ರೋಗಿಯಾಗಿ ಹ್ಯಾಮ್ಲಿನ್ ದಂಪತಿಯ ಬಳಿ ಬಂದರು. ಗುಣವಾದ ಮೇಲೆ ಹಾಸಿಗೆ ಸರಿಪಡಿಸುತ್ತ, ಶಸ್ತ್ರಕ್ರಿಯೆಯ ವೇಳೆ ವೈದ್ಯರಿಗೆ ನೆರವಾಗುತ್ತ, ನೋಡಿ ನೋಡಿಯೇ ವಿದ್ಯೆಯನ್ನು ಕೈಗೂಡಿಸಿಕೊಂಡರು. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹ್ಯಾಮ್ಲಿನ್ ದಂಪತಿಯೊಡನೆ ಮಾಮಿತು ಅವರಿಗೂ ಚಿನ್ನದ ಪದಕವನ್ನಿತ್ತಿತು. ಪದವೀಧರ ವೈದ್ಯರೂ ಅವರ ಪಕ್ಕದಲ್ಲಿ ನಿಂತು ಈ ಹೊಲಿಗೆಯನ್ನು ಕಲಿತಿದ್ದಾರೆ.