ನಡುವೆ ಬೀಪ್ ಎನ್ನುವ ಡಿಶ್‌ವಾಷರ್

ಪ್ರಶ್ನೆ: ಹೆಮ್ಮರಗಾಲದ ನಮ್ಮ ಮನೆಯ ಡಿಶ್‌ವಾಷರ್ ತೊಳೆಯುತ್ತಿರುವಾಗಲೇ ಬೀಪ್ ಎಂದು ನಿಲ್ಲುತ್ತದೆ. ಬೋರ್ಡ್ ಹೋಗಿದೆಯೇ?

ಉತ್ತರ: ಬೋರ್ಡಿಗೆ ಕೈಹಾಕುವ ಮೊದಲು ನೀರನ್ನು ನೋಡಿ. ಯಂತ್ರ ಬೀಪ್ ಕೊಟ್ಟು ದೋಷಸಂಕೇತ ತೋರಿಸುತ್ತಿದೆ ಎಂದರೆ ಬೋರ್ಡ್ ಬಹುಮಟ್ಟಿಗೆ ತನ್ನ ಕೆಲಸ ಮಾಡುತ್ತಲೇ ಇದೆ. ನಂಜನಗೂಡು, ತಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ ನೀರು ಬರುವುದು ಹೆಚ್ಚಾಗಿ ತಾರಸಿಯ ಟ್ಯಾಂಕಿನಿಂದ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಟ್ಯಾಂಕು ಯಂತ್ರಕ್ಕಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಹಲವು ಮಾದರಿಗಳಿಗೆ ಕನಿಷ್ಠ ಅಷ್ಟಾದರೂ ಬೇಕು, ಕೆಲವಕ್ಕೆ 0.5 ಬಾರ್. ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತದಲ್ಲ ಎನ್ನಬಹುದು. ನಿಜ, ಆದರೆ ಯಂತ್ರಕ್ಕೆ ಹೋಗುವ ನೀರು ಪೈಪಿನ ತುದಿಯ ಸಣ್ಣ ಜರಡಿಯನ್ನು ದಾಟಬೇಕು. ಬೋರ್‌ವೆಲ್ ನೀರಿನ ಮರಳು, ಸುಣ್ಣದ ಚಕ್ಕೆ ಬಂದು ಕೂರುವುದು ಅಲ್ಲೇ. ಶುರುವಿನಲ್ಲಿ ಸುಮ್ಮನಿದ್ದು ನಡುವೆ ಏಕೆ ಕೂಗುತ್ತದೆ ಎಂದರೆ, ಒಂದು ಸುತ್ತಿನಲ್ಲಿ ಯಂತ್ರ ಹಲವು ಸಲ ನೀರು ತುಂಬಿಸಿಕೊಳ್ಳುತ್ತದೆ. ನಿಗದಿತ ಸಮಯದೊಳಗೆ ತುಂಬದ ಸಲವೇ ಎಚ್ಚರಿಕೆ.

ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಪೈಪು ಬಿಚ್ಚಿ ಜರಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ತಳದ ಫಿಲ್ಟರಿನಲ್ಲಿ ಅನ್ನದ ಅಗುಳು, ಕರಿಬೇವು ಸಿಕ್ಕಿದ್ದರೆ ನೀರು ಹೊರಹೋಗದೆಯೂ ಬೀಪ್ ಬರುತ್ತದೆ. ಅದನ್ನೂ ತೆಗೆದು ತೊಳೆಯಿರಿ. ಯಂತ್ರದಡಿ ನೀರು ಕಂಡರೆ, ಅಥವಾ ನೀರು ಹೊರಹಾಕುವ ಪಂಪು ನಿಲ್ಲದೆ ಓಡುತ್ತಿದ್ದರೆ ಮಾತ್ರ ನನ್ನ ವಾದ ಬಿಡಿ: ಅದು ಸೋರಿಕೆ ಇರಬಹುದು. ಮತ್ತೆ ಮತ್ತೆ ಚಾಲೂ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ.